ಮೂರು ಗಂಟಿನ ತಂತಿ

ಸೊಸೆಯ ಕೈಗೆ ಒಂದು ಚಾಳಿಯಿತ್ತು. ಇಳಿಬಿದ್ದ ನೂಲು ಕಂಡರೆ ಸಾಕು, ಕತ್ತರಿ ತಾನಾಗಿ ಅತ್ತ ಹೋಗುತ್ತಿತ್ತು. ಮನೆಯಲ್ಲೇ ಬಟ್ಟೆ ಹೊಲಿಯುವವಳು. ಬಸ್ಸಿನಲ್ಲಿ ಮುಂದೆ ಕೂತ ಅಪರಿಚಿತರ ಕಾಲರಿನ ನೂಲನ್ನೂ ಹೇಳದೆ ಕೇಳದೆ ಕತ್ತರಿಸಿದ್ದುಂಟು.

ಆ ಮಧ್ಯಾಹ್ನ ಮಾವ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಕಾಲೆರಡನ್ನೂ ಬಾಗಿಲಾಚೆ ಚಾಚಿ ಮಲಗಿದ್ದರು. ಹಿಂದಿನ ತಿಂಗಳು ಕಾರು ನಡುರಸ್ತೆಯಲ್ಲಿ ಕುದ್ದು ನಿಂತಿತ್ತು. ಎಂಜಿನ್ ಬಿಸಿ ತೋರಿಸುವ ಹೊಸ ಮೀಟರೇನೋ ಬಂತು. ಕೂರಿಸುವವರು ಯಾರು ಎಂಬುದೇ ಜಗಳ. ಮಾವ ನಲವತ್ತು ವರ್ಷ ರೇಡಿಯೊ ರಿಪೇರಿ ಮಾಡಿದವರು. ಆದರೂ ಮಗ ಬೆಳಿಗ್ಗೆಯೇ ಗಡುವು ಕೊಟ್ಟು ಹೋಗಿದ್ದ.

"ಅಪ್ಪ, ನಾಲ್ಕು ಗಂಟೆಗೆ ಬರ್ತೀನಿ. ಮುಳ್ಳು ಆಡಿದ್ರೆ ಸರಿ. ಇಲ್ಲಾಂದ್ರೆ ಕಾರು ಮೆಕ್ಯಾನಿಕ್ ಹತ್ರ, ನಿಮ್ಮ ಟೂಲ್ ಬಾಕ್ಸ್ ಅಟ್ಟದ ಮೇಲೆ."

"ನೀನು ಹುಟ್ಟೋಕ್ ಮುಂಚೆಯಿಂದ ತಂತಿ ಜೋಡಿಸ್ತಿದೀನಿ ಕಣೋ!"

ಜೋರೇನೋ ಜೋರಾಗಿಯೇ ಅಂದರು. ಆದರೆ ಅಟ್ಟ ಅಂದಾಗ ಅವರ ಮುಖ ಸಣ್ಣಗಾದದ್ದನ್ನು ಸೊಸೆ ಕಂಡಿದ್ದಳು.

ಮೂರಕ್ಕೆ ಅವಳು ಕಾಫಿ ತಂದಳು. ಮಾವ ಕೈ ತೊಳೆಯಲು ಒಳಗೆ ಹೋದರು. ಇವಳು ಬಗ್ಗಿ ನೋಡಿದರೆ, ಜೋತಾಡುವ ತಂತಿಗಳಿಗೆ ಅಲ್ಲಲ್ಲಿ ತನ್ನದೇ ಬಿಳಿ ನೂಲು!

"ಅಯ್ಯೋ, ನನ್ನ ಹೊಲಿಗೆ ಕಸ ಇಲ್ಲಿಗೂ ಬಂತಾ?" ಎಂದು ಕಚ್, ಕಚ್, ಕಚ್ ಎನ್ನಿಸಿ, ತುಂಡುಗಳನ್ನು ಜೇಬಿಗೆ ಹಾಕಿಕೊಂಡಳು.

ಮಾವ ಮತ್ತೆ ತಲೆ ತೂರಿಸಿದರು. ತಡಕಾಡಿದರು. ಒಂದೊಂದೇ ತಂತಿಯನ್ನು ಬೆರಳಲ್ಲಿ ಸವರಿದರು.

"ಇಲ್ಲಿ ಯಾರಾದ್ರೂ ಬಂದಿದ್ರೇನಮ್ಮಾ?"

"ನಾನೇ ಮಾವ, ಸ್ವಲ್ಪ ಚೊಕ್ಕಟ ಮಾಡ್ದೆ."

"ಸಂತೋಷ," ಎಂದರು, ಮನೆಗೆ ಕನ್ನ ಬಿದ್ದವರ ದನಿಯಲ್ಲಿ.

ನಾಲ್ಕಕ್ಕೆ ಮಗ ಬಂದು ಕೀ ತಿರುಗಿಸಿದ. ಮುಳ್ಳು ಮಿಸುಕಲಿಲ್ಲ. "ಮೆಕ್ಯಾನಿಕ್," ಎಂದು ಹೊರಡಲು ನೋಡಿದರೆ ಕಾರಿನ ಮುಂದೆಯೇ ಬೆಕ್ಕು ಮಲಗಿತ್ತು. ಹಾರ್ನ್ ಒತ್ತಿದ. ಬೆಕ್ಕು ಏಳಲಿಲ್ಲ, ಮುಳ್ಳು ಎದ್ದಿತು. ಬಿಟ್ಟ, ಬಿತ್ತು. ಒತ್ತಿದ, ಎದ್ದಿತು.

"ಅಪ್ಪಾ! ಎಂಜಿನ್ ಎಷ್ಟು ಬಿಸಿ ಅಂತ ತಿಳಿಯೋಕೆ ಊರಿಗೆಲ್ಲಾ ಹಾರ್ನ್ ಹೊಡೀಬೇಕಾ?"

ಮಾವ ಟೂಲ್ ಬಾಕ್ಸ್ ಮುಚ್ಚತೊಡಗಿದರು. ಕಣ್ಣೆದುರೇ ಇದ್ದ ಚಿಲಕವನ್ನು ಅವರ ಬೆರಳು ಎರಡು ಸಲ ಹುಡುಕಿತು. ಸೊಸೆ ಜೇಬಿನ ನೂಲುಗಳನ್ನು ತೆಗೆದಳು. ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು. ಕಣ್ಣಿಗೆ ಕಾಣದ್ದನ್ನು ಬೆರಳಿಗೆ ತಿಳಿಸುವ ಗುರುತು!

"ರೀ, ತಪ್ಪು ನಂದು. ಮಾವ ಯಾವ ತಂತಿ ಯಾವ್ದು ಅಂತ ಗುರುತು ಕಟ್ಟಿದ್ರು. ನಾನು ಕಸ ಅಂತ ಕತ್ತರಿಸಿಬಿಟ್ಟೆ." ಮಾವನ ಕಣ್ಣಿನ ಸುದ್ದಿ ಎತ್ತಲಿಲ್ಲ. "ಅರ್ಧ ಗಂಟೆ ಕೊಡಿ."

ಈಗ ಡ್ಯಾಶ್‌ಬೋರ್ಡಿನ ಕೆಳಗೆ ಸೊಸೆ, ಕೀ ಹಿಡಿದು ಮಗ, ಹೊರಗೆ ಸೊಂಟಕ್ಕೆ ಕೈಯಿಟ್ಟು ಮಾವ.

"ಒಂದೊಂದೇ ತಂತಿಗೆ ಟೆಸ್ಟ್ ಲ್ಯಾಂಪ್ ಮುಟ್ಸಮ್ಮಾ. ಲೋ, ಕೀ ಹಾಕು. ಹತ್ತಿತಾ?"

"ಹತ್ತಿತು ಮಾವ."

"ಕೀ ತೆಗಿಯೋ."

"ಆರಿತು!"

"ಕೀ ಜೊತೆ ಹತ್ತಿ ಆರೋದೇ ನಮ್ಮ ಮೀಟರಿನ ತಂತಿ. ಒಂದು ಗಂಟು ಹಾಕು. ಈಗ ಮೀಟರಿಗೆ ಸೇರಿರೋದು ಹಾರ್ನಿಂದು, ಅದನ್ನ ಬಿಡಿಸಿ ಮೂರು ಗಂಟು ಹಾಕು, ಅದರ ತಂಟೆ ಬೇಡ."

ಬ್ಯಾಟರಿ ಬಿಚ್ಚಿ, ಜೋಡಿಸಿ, ಟೇಪ್ ಸುತ್ತಿ, ಮತ್ತೆ ಬ್ಯಾಟರಿ ಹಾಕಿ ಎಂಜಿನ್ ಶುರು ಮಾಡಿದರು. ಮುಳ್ಳು ನಿಧಾನವಾಗಿ ಏರಿ ನಡುವೆ ನಿಂತಿತು. ಹಾರ್ನ್ ಒತ್ತಿದರೆ ಅಲುಗಲಿಲ್ಲ. ಈ ಸಲ ಬೆಕ್ಕು ಎದ್ದು ಹೋಯಿತು.

"ಸರಿ, ಟೂಲ್ ಬಾಕ್ಸ್ ಇಲ್ಲೇ ಇರ್ಲಿ," ಎಂದ ಮಗ. "ಇವಳ ಕತ್ತರಿ ಅಟ್ಟಕ್ಕೆ ಹಾಕ್ತೀನಿ."

"ಸುಮ್ನಿರೋ," ಎಂದರು ಮಾವ. ಆಮೇಲೆ ಸೊಸೆಯ ಕಡೆ ತಿರುಗಿ, ದನಿ ತಗ್ಗಿಸಿ, "ನಾಳೆ ಕಣ್ಣಿನ ಡಾಕ್ಟರ್ ಹತ್ರ ಹೋಗ್ಬರೋಣ್ವಾ ಮಗಳೇ? ಕಾರು ನೀನು ಓಡಿಸು. ಮೀಟರ್ ಎಷ್ಟಿದೆ ಅಂತ ನಂಗೆ ಹೇಳ್ತಿರು."