ನಳಿಗೆಯೊಳಗಿನ ಸರಳು

ಸೇನಾ ವಸ್ತುಸಂಗ್ರಹಾಲಯದ ಮೇಲ್ವಿಚಾರಕಿಗೆ ಆ ಹಳೆಯ ಫಿರಂಗಿಯ ಮೇಲೆ ಒಂದು ಬಗೆಯ ಸಲುಗೆ. ಯುದ್ಧಭೂಮಿಯಿಂದ ಬಂದದ್ದು, ಅಂಗಳದಲ್ಲಿ ಮೂತಿ ಮೇಲೆತ್ತಿ ತುಕ್ಕು ಹಿಡಿದು ನಿಂತಿತ್ತು. ಅದನ್ನು ಒಳಗಿನ ಹಜಾರಕ್ಕೆ ಸಾಗಿಸುವ ಮುನ್ನ ಶುಚಿ ಮಾಡಲೆಂದು ಫಿಟ್ಟರ್ ಕೆಲಸದ ತಮ್ಮನನ್ನೇ ಕರೆಸಿಕೊಂಡಿದ್ದಳು.

ಬೆಳಿಗ್ಗೆಯೆಲ್ಲ ಎಣ್ಣೆ ಕುಡಿಸಿದ ಮೇಲೆ, ಗುಂಡು ತುಂಬುವ ಹಿಂಬಾಗಿಲು ಬೆರಳಗಲ ಸರಿಯಿತು. ಅಷ್ಟಕ್ಕೇ ಹಿಗ್ಗಿದ ತಮ್ಮ ಸ್ಟೂಲು ಹತ್ತಿ, ಕಬ್ಬಿಣದ ಉದ್ದನೆಯ ಸರಳನ್ನು ಮೂತಿಯಿಂದ ಇಳಿಬಿಟ್ಟು ನಳಿಗೆ ಕೆರೆಯತೊಡಗಿದ. ಒಳಗೆ ಹಕ್ಕಿಗಳು ಸಂಸಾರ ಹೂಡಿವೆ, ಬಾಣಂತನಕ್ಕೆ ನೀನೇ ಬರಬೇಕು ಎಂದು ಅಕ್ಕನನ್ನು ಛೇಡಿಸಿದ. ಅವಳು ನಗುತ್ತಲೇ ಬಗ್ಗಿ ಹಿಂಬಾಗಿಲ ಸಂದಿಗೆ ಟಾರ್ಚ್ ಹಿಡಿದಳು. ಹಿತ್ತಾಳೆಯ ತಳವೊಂದು ಹೊಳೆಯಿತು.

"ಕೈ ಅಲ್ಲಾಡಿಸ್ಬೇಡ ಕಣೋ. ಒಳಗೆ ಗುಂಡಿದೆ."

ಅವಳ ದನಿ ಕೇಳಿಯೇ ಅವನಿಗೆ ಇದು ತಮಾಷೆಯಲ್ಲವೆಂದು ತಿಳಿಯಿತು. "ಸರಳು ಜಾರ್ತಿದೆ ಅಕ್ಕ. ಕೈಯೆಲ್ಲ ಎಣ್ಣೆ."

ಹಿಡಿ ತಪ್ಪಿದರೆ ಆ ಭಾರವೆಲ್ಲ ನೆಟ್ಟಗೆ ಗುಂಡಿನ ತಲೆಗೇ ಬಡಿಯುತ್ತದೆ. ಅವಳು ಕಾವಲುಗಾರನನ್ನು ಕರೆದು, ಕಟ್ಟಡ ಖಾಲಿ ಮಾಡಿಸಿ ಸೇನೆಗೆ ಫೋನ್ ಮಾಡುವಂತೆ ಹೇಳಿ ಅಟ್ಟಿದಳು. ತಾನು ಫಿರಂಗಿಯ ಚಕ್ರ ಹತ್ತಿದಳು.

"ನೀನೂ ಹೋಗು. ಇಬ್ರೂ ಯಾಕೆ?" ಎಂದ ತಮ್ಮ.

"ಸುಮ್ನೆ ಹಿಡ್ಕೋ."

ಕೊರಳ ಸ್ಕಾರ್ಫನ್ನು ಸರಳಿಗೆ ಬಿಗಿಯಾಗಿ ಸುತ್ತಿ, ಎರಡೂ ಕೈಯಲ್ಲಿ ಅದುಮಿ ಹಿಡಿದಳು. ಅವನು ಅಂಗೈಗಳನ್ನು ಅಂಗಿಗೆ ಒರೆಸಿಕೊಂಡು ಮತ್ತೆ ಹಿಡಿದ. ಒಬ್ಬರು ಹಿಡಿದಾಗ ಇನ್ನೊಬ್ಬರು ಕೈ ಬದಲಿಸುತ್ತ, ಗೇಣುಗೇಣಾಗಿ ಮೇಲೆಳೆದರು. ನಡುವೆ ಒಮ್ಮೆ ಸರಳು ಸರ್ರನೆ ಕೆಳಗಿಳಿಯಿತು. ತಮ್ಮ ಹಲ್ಲು ಕಚ್ಚಿ ಅದನ್ನು ತಡೆದ. ಕೊನೆಗೆ ಹೊರಬಂದ ಸರಳನ್ನು, ಆಗಷ್ಟೇ ನಿದ್ದೆ ಹೋದ ಕೂಸನ್ನು ಮಲಗಿಸುವಂತೆ, ಇಬ್ಬರೂ ಹುಲ್ಲಿನ ಮೇಲಿಟ್ಟು ಗೇಟಿನತ್ತ ಓಡಿದರು.

ಮಧ್ಯಾಹ್ನ ಸೇನೆಯವರು ಗುಂಡನ್ನು ಹೊರತೆಗೆದು, ಊರಾಚೆಯ ಬಯಲಿಗೆ ಒಯ್ದು ಸಿಡಿಸಿದರು. ಸಂಗ್ರಹಾಲಯದ ಕಿಟಕಿಗಳು ಗಡಗಡ ನಡುಗಿದವು. ಮದ್ದು ಇನ್ನೂ ಸತ್ತಿರಲಿಲ್ಲ. ಇಷ್ಟು ವರ್ಷ ಆ ಫಿರಂಗಿಗೆ ಒರಗಿ ಫೋಟೋ ತೆಗೆಸಿಕೊಂಡವರೆಲ್ಲ ಅವಳಿಗೆ ನೆನಪಾದರು.

ಗೇಟಿನ ಬಳಿಯ ಕಟ್ಟೆಯ ಮೇಲೆ ಪಕ್ಕದಲ್ಲೇ ಕುಳಿತಿದ್ದ ತಮ್ಮ ಮೆಲ್ಲಗೆ, "ಅಮ್ಮಂಗೆ ಹೇಳೋದು ಬೇಡ" ಎಂದ.

"ಹೂಂ, ಬೇಡ" ಎಂದಳು. ಹಿಡಿದಿದ್ದ ಅವನ ಮಣಿಕಟ್ಟನ್ನು ಮಾತ್ರ ಅವಳು ಬಿಡಲಿಲ್ಲ.