ಮಗಳು ನೋಡಿದ್ಲು

"ಬಾಯಿಗೆ ಅಕ್ಕಿ ಹಾಕೋರು ಒಬ್ಬೊಬ್ರೇ ಬನ್ನಿ" ಎಂದು ಕೇರಿಯ ಹಿರಿಯ ಗಂಗಾಧರಪ್ಪ ಕೂಗುತ್ತಿದ್ದಂತೆ ಡಾಕ್ಟರ್ ದಿವ್ಯಶ್ರೀ ಅಪ್ಪನ ದವಡೆಗೆ ಬಿಗಿದಿದ್ದ ಬಟ್ಟೆಯನ್ನು ಸಡಿಲಿಸಲು ಬಗ್ಗಿದಳು. ಕಾಗದನಗರದ ಆ ಪುಟ್ಟ ಕ್ವಾರ್ಟರ್ಸ್ ಮುಂದೆ ಅರ್ಧ ಭದ್ರಾವತಿಯೇ ನೆರೆದಂತಿತ್ತು. ಭೈರಪ್ಪ ಹೇಳಿಕೊಳ್ಳುವಂಥ ದೊಡ್ಡ ಮನುಷ್ಯನೇನಲ್ಲ, ಕಾಗದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಆದರೆ ಮಗಳು ಡಾಕ್ಟರಾದ ಮೇಲೆ ಕೇರಿಯಲ್ಲಿ ಯಾರು ಕೆಮ್ಮಿದರೂ ಹಿಡಿದು ಶಿವಮೊಗ್ಗದ ಬಸ್ಸು ಹತ್ತಿಸುತ್ತಿದ್ದ.

"ಪುಣ್ಯವಂತ ಮಾರಾಯ," ಗಂಗಾಧರಪ್ಪ ಪಕ್ಕದವರಿಗೆ ಹೇಳಿದ. "ನಿನ್ನೆ ಊಟಕ್ಕೆ ಕೂತೋನು ಹಂಗೇ ಒರಗಿದ. ಒಂದಿನ ಹಾಸಿಗೆ ಹಿಡೀಲಿಲ್ಲ."

"ಸೋಮವಾರವೇ ಎದೆ ಹಿಡ್ಕೊಂಡಂಗೆ ಆಗ್ತದೆ ಅಂದಿದ್ರು," ಗಂಡನ ತಲೆಯ ಬಳಿ ಕೂತಿದ್ದ ಜಲಜಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಾನೇ ಇವಳ ಆಸ್ಪತ್ರೆಗೆ ಕಳ್ಸಿದೆ. ವಾಪಸ್ ಬಂದು, 'ಮಗಳು ನೋಡಿದ್ಲು ಕಣೇ, ಏನೂ ಇಲ್ವಂತೆ' ಅಂದ್ರು. ಅವಳೇ ನೋಡಿದ್ಮೇಲೆ ಇನ್ನೇನಿದೆ? ನಮ್ಮ ಹಣೆಬರಹ."

ದಿವ್ಯಶ್ರೀಯ ಬೆರಳುಗಳು ಗಂಟಿನಲ್ಲೇ ನಿಂತವು. ಅಪ್ಪ ನೋವಿಗೆಂದು ಬಂದಿದ್ದ ಅನ್ನುವುದು ಅವಳಿಗೆ ತಿಳಿದದ್ದೇ ಈಗ. ಅವಳು ಅವನನ್ನು ನೋಡಿರಲೇ ಇಲ್ಲ.

*

ಮಗಳ ಸಿಇಟಿ ದಿನ ಭೈರಪ್ಪ ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಟವೆಲ್ ತಲೆಗೆ ಹಾಕಿಕೊಂಡು ನಿಂತಿದ್ದ. ಎಂಬಿಬಿಎಸ್ ಸೀಟು ಸಿಕ್ಕಾಗ ಕ್ವಾರ್ಟರ್ಸ್‌ಗೆಲ್ಲ ಮೈಸೂರುಪಾಕು ಹಂಚಿದ. ಮುಂದೆ ಎಂಡಿ ಪ್ರವೇಶ ಪರೀಕ್ಷೆಯಲ್ಲಿ ಅವಳು ಮುಗ್ಗರಿಸಿ, ನರ್ಸಿಂಗ್ ಹೋಮೊಂದರಲ್ಲಿ ಡ್ಯೂಟಿ ಡಾಕ್ಟರಾಗಿ ನಿದ್ದೆಗೆಟ್ಟು ಒದ್ದಾಡುವಾಗ, "ನಮ್ಮ ಕಾರ್ಖಾನೆಲೂ ಹೊಸಬ್ರಿಗೆ ನೈಟ್ ಶಿಫ್ಟೇ ಕಣಮ್ಮ" ಎಂದು ನಗಿಸಿದ್ದ. ಅವಳು ಮತ್ತೆ ಓದಿದಳು, ಎಂಡಿ ಮುಗಿಸಿದಳು, ಶಿವಮೊಗ್ಗದ ಆಸ್ಪತ್ರೆಯಲ್ಲಿ ಫಿಜಿಷಿಯನ್ ಆದಳು.

ಕಾರ್ಖಾನೆ ನಿಂತ ಮೇಲೆ ಅವನಿಗೊಂದು ಹುಚ್ಚು ಹತ್ತಿತು. ಬಸ್ಸಿನಲ್ಲಿ ಬಂದು, ರೋಗಿಗಳ ನಡುವೆ ತಾನೂ ಟೋಕನ್ ಹಿಡಿದು ಕೂರುವುದು. ಸರದಿ ಬಂದಾಗ ಒಳಗೆ ಬಂದು "ನಮಸ್ಕಾರ ಡಾಕ್ಟ್ರೇ" ಎಂದು ಹಲ್ಲು ಕಿರಿಯುವುದು. ಕಾಯಿಲೆ ಕಸಾಲೆ ಏನೂ ಇಲ್ಲ. ಮಗಳು ಆ ಕುರ್ಚಿಯಲ್ಲಿ ಕೂತದ್ದನ್ನು ಕಣ್ತುಂಬ ನೋಡಬೇಕು, ಅಷ್ಟೆ. ಮೊದಮೊದಲು ಅವಳಿಗೂ ಖುಷಿಯೇ. ಬರುಬರುತ್ತಾ ಕಿರಿಕಿರಿಯಾಯಿತು.

ಸೋಮವಾರ ಹೊರಗೆ ಜನ ಕಿಕ್ಕಿರಿದಿದ್ದರು. "ಮೇಡಂ, ನಿಮ್ಮ ತಂದೆ ಟೋಕನ್ ತಗೊಂಡು ಕೂತಿದಾರೆ" ಎಂದು ಸಿಸ್ಟರ್ ಹೇಳಿದಾಗ ಅವಳು ತಲೆಯನ್ನೂ ಎತ್ತಲಿಲ್ಲ.

"ಇವತ್ತು ಆಟ ಆಡೋಕೆ ಟೈಮಿಲ್ಲ, ನಿಜವಾದ ಪೇಷೆಂಟ್ಸ್ ಕಾಯ್ತಿದಾರೆ. ಮನೆಗೆ ಹೋಗೋಕೆ ಹೇಳಿ."

ಅವನು ಎದ್ದು ಹೋದ.

*

"ಅವತ್ತು ಚೆನ್ನಾಗೇ ನೋಡಿದ್ಯಲ್ಲ ದಿವ್ಯಾ?" ಜಲಜಮ್ಮ ಕೇಳಿದಳು. "ಹೇಳೇ ಇವರಿಗೆ."

ಒಂದು "ಹೂಂ" ಅಂದಿದ್ದರೆ ಸಾಕಿತ್ತು. ಮಗಳ ಮಾನ ಉಳಿಯಲೆಂದು ಸುಳ್ಳನ್ನು ಅಪ್ಪನೇ ಹೇಳಿ ಹೋಗಿದ್ದ. ಅದನ್ನು ನೆನೆದಾಗ ಅವಳಿಗೆ ತನ್ನ ಮೇಲೆ ತಾಳಲಾರದಷ್ಟು ಹೇಸಿಗೆಯಾಯಿತು.

"ಇಲ್ಲಮ್ಮ, ನಾನು ನೋಡ್ಲೇ ಇಲ್ಲ. ಸುಮ್ನೆ ಬಂದಿದಾರೆ ಅಂದ್ಕೊಂಡು ಹೊರಗಿಂದ್ಲೇ ಕಳ್ಸಿಬಿಟ್ಟೆ."

ಅಕ್ಕಿ ಹಿಡಿದು ನಿಂತವರು ಮುಖ ಮುಖ ನೋಡಿಕೊಂಡರು. ಜಲಜಮ್ಮ ಗಂಡನ ಮೇಲಿದ್ದ ಹಾರವನ್ನು ಪಕ್ಕಕ್ಕೆ ಸರಿಸಿ ಅಂಗಿಯ ಗುಂಡಿ ಬಿಚ್ಚಿದಳು. ಮಗಳ ಕೈಯನ್ನು ಎಳೆದು ಅವನ ಎದೆಯ ಮೇಲಿಟ್ಟು ಒತ್ತಿದಳು.

"ಈಗ ನೋಡು."

ಆ ತಣ್ಣನೆಯ ಎದೆಯ ಮೇಲೆ ದಿವ್ಯಶ್ರೀಯ ಕೈ, ಅದರ ಮೇಲೆ ಅಮ್ಮನ ಕೈ. ಇಬ್ಬರೂ ತೆಗೆಯಲಿಲ್ಲ.