ನ್ಯಾಟ್‌ನ ಹೊಟ್ಟೆಯೊಳಗಿನ ಸಪ್ಪಳ

ಟಿಣ್ ಅಂತ ಒಂದೇ ಒಂದು ಸಪ್ಪಳ.

ರಾತ್ರಿ ಹತ್ತೂವರೆ. ಉಪ್ಪಲ್ ಆಚೆಯ ಎಂಜಿನಿಯರಿಂಗ್ ಕಾಲೇಜೊಂದರ ಶೆಡ್ಡಿನಿಂದ ಒಂಬತ್ತು ಜನ ಸೇರಿ ಹಳೆಯ ಯುದ್ಧವಿಮಾನವನ್ನು ಹೊರಗೆ ತಳ್ಳುತ್ತಿದ್ದರು. ಅದರ ಹಿಂದಿನ ಎರಡು ಚಕ್ರಗಳು ಬಾಗಿಲ ಕಬ್ಬಿಣದ ಹಳಿಯನ್ನು ದಾಟಿ ದಡಕ್ಕನೆ ಇಳಿದಾಗ ಹೊಟ್ಟೆಯೊಳಗೆಲ್ಲೋ ಲೋಹಕ್ಕೆ ಲೋಹ ತಾಗಿತು. ಎಡಪಕ್ಕದಲ್ಲಿ ಅಂಗೈ ಊರಿ ತಳ್ಳುತ್ತಿದ್ದ ವನಜಾಗೆ ಅದು ಕಿವಿಗಿಂತ ಮೊದಲು ಕೈಗೆ ತಿಳಿಯಿತು.

"ನಿಲ್ಸಿ, ನಿಲ್ಸಿ! ಒಳಗೆ ಏನೋ ಸದ್ದಾಯ್ತು."

ಯಾರೂ ನಿಲ್ಲಿಸಲಿಲ್ಲ. ಎರಡು ವರ್ಷದ ಭಾನುವಾರಗಳನ್ನೆಲ್ಲ ಸುರಿದು ರಿಪೇರಿ ಮಾಡಿದ ವಿಮಾನ ಮೊದಲ ಸಲ ಆಕಾಶದ ಕೆಳಗೆ ಬರುತ್ತಿತ್ತು. ಎಲ್ಲರೂ ಕೂಗುವ ಸಂಭ್ರಮದಲ್ಲಿದ್ದರು. ಒಂದು ಕೈಯಲ್ಲಿ ತಳ್ಳುತ್ತ ಇನ್ನೊಂದರಲ್ಲಿ ಫೋನು ಎತ್ತಿ ಹಿಡಿದಿದ್ದ ಆಶಿಷ್, ಮಾದಾಪುರದ ಕಂಪನಿಯ ಎಂಜಿನಿಯರ್ ಹುಡುಗ, ನಕ್ಕುಬಿಟ್ಟ.

"ಆಂಟಿ, ಮನ್ಯಾಗ ಗ್ಯಾಸ್ ಬಂದ್ ಮಾಡಿ ಬಂದೀರಿಲ್ಲೋ? ಅದರದ ಸಪ್ಪಳ ಇರಬೇಕು."

"ಮೂರು ಸಲ ನೋಡಿ ಬಂದಿದೀನಿ," ಅಂದಳು ವನಜಾ. ಎಲ್ಲರೂ ಇನ್ನಷ್ಟು ನಕ್ಕರು.

ಮೂತಿಯ ಹತ್ತಿರ ನಿಂತು "ಎಡಕ್ಕ, ಇನ್ನೊಂಚೂರು ಎಡಕ್ಕ" ಎಂದು ದಾರಿ ತೋರಿಸುತ್ತಿದ್ದ ಬಸವಲಿಂಗಪ್ಪನವರಿಗೆ ಅವಳ ಮಾತೂ ಕೇಳಿಸಿರಲಿಲ್ಲ, ಸಪ್ಪಳವೂ ಕೇಳಿಸಿರಲಿಲ್ಲ. ಜೆಟ್ ಎಂಜಿನ್ನುಗಳ ಪಕ್ಕದಲ್ಲಿ ಇಪ್ಪತ್ತೊಂದು ವರ್ಷ ನಿಂತ ಕಿವಿ. ಅವರು ತಮ್ಮ ಅಂಗಿಯ ಕಿಸೆಯನ್ನು ಒಮ್ಮೆ ತಟ್ಟಿಕೊಂಡು ಮತ್ತೆ ಕೈ ಬೀಸಿದರು.

ವಿಮಾನದ ಹೆಸರು ನ್ಯಾಟ್. ಎಷ್ಟು ಚಿಕ್ಕದೆಂದರೆ ಏಣಿಯಿಲ್ಲದೆ ನೆಲದ ಮೇಲೆ ನಿಂತೇ ಬಹುಪಾಲು ಕೆಲಸ ಮಾಡಬಹುದು. ವಾಯುಪಡೆ ಎಂದೋ ಕಾಲೇಜಿಗೆ ಕೊಟ್ಟದ್ದು, ಗೇಟಿನ ಬಳಿ ಬಿಸಿಲಿಗೆ, ಮಳೆಗೆ, ಪಾರಿವಾಳಗಳಿಗೆ ಸಿಕ್ಕು ಮೂವತ್ತು ವರ್ಷ ಕೊಳೆತಿತ್ತು. ಹುಮನಾಬಾದಿನ ಬಸವಲಿಂಗಪ್ಪನವರು ಹರೆಯದಲ್ಲಿ ಇದೇ ಜಾತಿಯ ವಿಮಾನಗಳ ಫಿಟ್ಟರ್ ಆಗಿದ್ದವರು. ಒಂದು ದಿನ ಬಸ್ಸಿನ ಕಿಟಕಿಯಿಂದ ಅದನ್ನು ಕಂಡು ಮುಂದಿನ ಸ್ಟಾಪಿನಲ್ಲೇ ಇಳಿದು ಪ್ರಿನ್ಸಿಪಾಲರ ಕೋಣೆಗೆ ಹೋಗಿ, "ಇದನ್ನ ಹಿಂಗ ಬಿಟ್ರ ನಿಮಗ ಮರ್ಯಾದಿ ಅಲ್ರಿ" ಅಂದರಂತೆ. ಅಲ್ಲಿಂದ ಶುರುವಾದದ್ದು. ಯಾರಿಗೂ ಸಂಬಳವಿಲ್ಲ. ಮೆಟ್ರೋ ಡಿಪೋದಲ್ಲಿ ಕೆಲಸ ಮಾಡುವ ಕಾವ್ಯಾ ಬಂದಳು, ಆಶಿಷ್ ಬಂದ, ನಾಲ್ಕಾರು ತೆಲುಗು ಹುಡುಗರು ಬಂದರು. ರಕ್ಷಣಾ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ತಪಾಸಣೆಯ ಕೆಲಸ ಮಾಡಿ ನಿವೃತ್ತಳಾದ ವನಜಾ ಬಂದಳು.

ಅವಳ ಕೆಲಸ ಸಾಮಾನಿನ ಹಲಗೆ ಕಾಯುವುದು. ಗೋಡೆಯ ಮೇಲೊಂದು ದೊಡ್ಡ ಬಿಳಿ ಹಲಗೆ. ಪ್ರತಿ ಸ್ಪ್ಯಾನರ್, ಪ್ರತಿ ಸುತ್ತಿಗೆಯ ಹಿಂದೆ ಅದರದೇ ಆಕಾರದ ಕೆಂಪು ಗೀಟು. ಸಾಮಾನು ತೆಗೆದವರು ಆ ಜಾಗದಲ್ಲಿ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ನೇತುಹಾಕಬೇಕು. ಸಂಜೆ ಬಿಲ್ಲೆಯೊಂದು ಉಳಿದಿದ್ದರೆ ಸಾಮಾನೊಂದು ವಿಮಾನದೊಳಗೆ ಉಳಿದಿದೆ ಎಂದು ಅರ್ಥ. ಯಾವ ಮುಚ್ಚಳ ತೆಗೆದರು, ಯಾವುದು ಹಾಕಿದರು ಎಂಬುದನ್ನು ಅವಳು ಪುಸ್ತಕದಲ್ಲಿ ಬರೆಯುತ್ತಾಳೆ. ವಾಯುಪಡೆಯ ಪದ್ಧತಿ ಇದು. ಬಸವಲಿಂಗಪ್ಪನವರು ಒಂದಂಗುಲ ಸಡಿಲಿಸಿರಲಿಲ್ಲ.

"ಅಜ್ಜಾ, ಇದೇನು ಹಾರೂದೈತೇನ್ರಿ? ಇಷ್ಟ್ಯಾಕ ತ್ರಾಸು?" ಎಂದು ಆಶಿಷ್ ಮೊದಮೊದಲು ಕೇಳಿದ್ದ.

"ಹಾರೂದಿಲ್ಲ ಅಂತ ಅದಕ್ಕ ಯಾರು ಹೇಳ್ಯಾರ? ನೀ ಹೇಳಬ್ಯಾಡ ಮತ್ತ."

ನಾಲ್ಕು ತಿಂಗಳ ಹಿಂದೆ ಆಶಿಷನ ಬಿಲ್ಲೆ ಹಲಗೆಯ ಮೇಲೆ ಉಳಿಯಿತು. ಒಂಬತ್ತೂ ಜನ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಹಾಕಿದ್ದ ಮುಚ್ಚಳಗಳನ್ನೆಲ್ಲ ಮತ್ತೆ ಬಿಚ್ಚಿ ಹುಡುಕಿದರು. ಕೊನೆಗೆ ಸ್ಪ್ಯಾನರ್ ಸಿಕ್ಕಿದ್ದು ಮಾದಾಪುರದಲ್ಲಿ, ಅವನ ಲ್ಯಾಪ್‌ಟಾಪ್ ಚೀಲದಲ್ಲಿ. ಮುಂದಿನ ಭಾನುವಾರ ಬಸವಲಿಂಗಪ್ಪನವರು ಎಲ್ಲರ ಎದುರಿಗೇ ತೀರ್ಪು ಕೊಟ್ಟರು. "ಒಂದು ತಿಂಗಳು ಸಾಮಾನು ಮುಟ್ಟಬ್ಯಾಡ. ಸ್ಯಾಂಡ್ ಪೇಪರ್ ತಗೊಂಡು ಹಳೀ ಬಣ್ಣ ತಿಕ್ಕು." ಹುಡುಗನ ಮುಖ ಸಣ್ಣದಾಯಿತು. ಆಗ ಅವರೇ ಸೇರಿಸಿದರು: "ನೀ ಹೊಸಬ, ಅದಕ್ಕ ಒಂದು ತಿಂಗಳು. ನನ್ನ ಕೈಲೆ ಹಿಂಗಾತಂದ್ರ ಕಾಯಂ. ಅವತ್ತ ಸಾಮಾನು ಕೆಳಗ ಇಡತೀನಿ, ಮತ್ತ ಮುಟ್ಟೂದಿಲ್ಲ. ಇಪ್ಪತ್ತೊಂದು ವರ್ಷದಾಗ ಒಂದ ಒಂದು ಸಾಮಾನು ಒಳಗ ಬಿಟ್ಟಾಂವಲ್ಲ ನಾ."

ಆಶಿಷ್ ಒಂದು ತಿಂಗಳು ತಿಕ್ಕಿದ. ರೆಕ್ಕೆಗಳು ಇಂದು ಹೊಳೆಯುತ್ತಿದ್ದರೆ ಅದರಲ್ಲಿ ಅವನ ಪಾಲು ದೊಡ್ಡದು.

ಆ ರಾತ್ರಿ ಎಲ್ಲರೂ ಹೊರಟ ಮೇಲೆ ವನಜಾ ಹಲಗೆಯ ಮುಂದೆ ನಿಂತು ಎರಡು ಸಲ ಎಣಿಸಿದಳು. ಎಲ್ಲ ಸಾಮಾನೂ ಇದ್ದವು, ಒಂದು ಬಿಲ್ಲೆಯೂ ನೇತಾಡುತ್ತಿರಲಿಲ್ಲ. ಹಲಗೆ ಸುಳ್ಳು ಹೇಳುವುದಿಲ್ಲ. ಆದರೆ ಅವಳ ಕಿವಿಯೂ ಹೇಳುವುದಿಲ್ಲ. ಕಾರ್ಖಾನೆಯಲ್ಲಿ ಜೋಡಿಸಿ ಮುಗಿದ ಪೆಟ್ಟಿಗೆಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಒಂದು ಚೂರು ತಂತಿ ಉಳಿದಿದ್ದರೂ ಹಿಂದಕ್ಕೆ ಕಳಿಸಿದವಳು ಅವಳು. ಬೆಳಿಗ್ಗೆ ಹತ್ತಕ್ಕೆ ವಾಯುಪಡೆಯ ನಿವೃತ್ತ ಅಧಿಕಾರಿಯೊಬ್ಬರು ಬಂದು ರಿಪೇರಿಯಾದ ವಿಮಾನವನ್ನು ಕಾಲೇಜಿಗೆ ಮರಳಿ ಒಪ್ಪಿಸುವವರಿದ್ದರು. ಅದರೊಳಗೆ ಏನೋ ಇದೆ. ನಿದ್ದೆ ಹತ್ತಲಿಲ್ಲ.

ಬೆಳಗಿನ ಐದೂವರೆಗೆ ಗಂಡನನ್ನು ಎಬ್ಬಿಸಿದಳು. ರಾಮಕೃಷ್ಣ ಒಂದು ಮಾತೂ ಕೇಳದೆ ಸ್ಕೂಟರ್ ತೆಗೆದರು. ಮೂವತ್ತೈದು ವರ್ಷದ ಅಭ್ಯಾಸ. ಕಾಲೇಜಿನ ಎದುರಿಗೆ ಆಗತಾನೇ ತೆರೆದಿದ್ದ ಚಹಾದಂಗಡಿ ನೋಡಿ, "ನೀನು ನೋಡ್ಕೊಂಡು ಬಾ, ನಾನು ಇಲ್ಲೇ ಇರ್ತೀನಿ" ಅಂದರು. ಕಾವಲುಗಾರ ಕಣ್ಣುಜ್ಜುತ್ತ, "ಇತ್ನೀ ಜಲ್ದೀ, ಮೇಡಂ?" ಎಂದು ಗೇಟು ತೆರೆದ.

ವನಜಾ ಹಲಗೆಯಿಂದ ಸ್ಕ್ರೂಡ್ರೈವರ್ ಒಂದನ್ನು ತೆಗೆದು ತನ್ನ ಏಳನೆಯ ನಂಬರಿನ ಬಿಲ್ಲೆ ನೇತುಹಾಕಿದಳು. ಯಾರೂ ನೋಡುವವರಿಲ್ಲದಿದ್ದರೂ ನೇತುಹಾಕಿದಳು. ಪುಸ್ತಕವನ್ನು ಆಮೇಲೆ ಬರೆದರಾಯಿತು ಎಂದುಕೊಂಡು ಹೊರಗೆ ಹೋಗಿ ವಿಮಾನದ ಕೆಳಗೆ ಗೋಣಿತಟ್ಟು ಹಾಸಿ ಮಲಗಿದಳು. ಹೊಟ್ಟೆಯ ಕೊನೆಯ ಮುಚ್ಚಳವನ್ನು, ಭಾನುವಾರಕ್ಕೆ ಕಾಯಲಾಗದ ಕೊನೆಯ ವಾರದ ಗಡಿಬಿಡಿಯಲ್ಲಿ, ಗುರುವಾರ ಬಸವಲಿಂಗಪ್ಪನವರೇ ಹಾಕಿದ್ದರು. ಆರು ಸ್ಕ್ರೂ. ಆರರ ಸೀಳೂ ಮೂತಿಯಿಂದ ಬಾಲದ ಕಡೆಗೆ ಒಂದೇ ಗೆರೆಯಲ್ಲಿ ನಿಂತಿದ್ದವು. ಗಾಳಿ ಹೋಗುವ ದಾರಿಗೆ ಅಡ್ಡ ಇರಬಾರದು ಎಂಬುದು ಅವರ ಹಟ. ಮೊದಲ ಸ್ಕ್ರೂ ಬಿಚ್ಚುವಾಗ ಅವಳ ಕೈ ಜಾರಿ, ಹೊಸ ಬೂದು ಬಣ್ಣದ ಮೇಲೆ ಉಗುರಿನಷ್ಟು ಉದ್ದದ ಗೀರು ಬಿತ್ತು.

ಮುಚ್ಚಳ ಕಳಚಿ ಟಾರ್ಚ್ ಹಿಡಿದಳು. ಅಡ್ಡಪಟ್ಟಿಯೊಂದಕ್ಕೆ ಒರಗಿ ಸಣ್ಣ ಸ್ಕ್ರೂಡ್ರೈವರ್ ಬಿದ್ದಿತ್ತು. ಹಳದಿ ಮರದ ಹಿಡಿ, ಹಿಡಿಗೆ ಸುತ್ತಿದ ಕಪ್ಪು ದಾರ.

ಅದು ಯಾರದೆಂದು ಗುರುತಿಸಲು ಟಾರ್ಚ್ ಬೇಕಿರಲಿಲ್ಲ. ಬಸವಲಿಂಗಪ್ಪನವರ ಕಿಸೆಯಲ್ಲಿ ಪೆನ್ನಿನ ಪಕ್ಕ ಸದಾ ಇರುತ್ತಿದ್ದದ್ದು. ನೌಕರಿಯ ಕೊನೆಯ ದಿನ ಜೊತೆಗಾರರು ಕೊಟ್ಟದ್ದು. ಸ್ಕ್ರೂಗಳ ಸೀಳಿನಿಂದ ಹಳೆಯ ಬಣ್ಣ ಕೆರೆಯಲು, ಕನ್ನಡಕ ಬಿಗಿ ಮಾಡಲು, ಆಶಿಷನ ಬೆರಳಿಗೆ ಮೆಲ್ಲಗೆ ಕುಟ್ಟಿ "ಹಂಗಲ್ಲೋ" ಅನ್ನಲು ಅದೇ. ಹಲಗೆಯ ಸಾಮಾನಲ್ಲ, ಹಾಗಾಗಿ ಅದಕ್ಕೆ ಗೀಟೂ ಇಲ್ಲ, ಬಿಲ್ಲೆಯೂ ಇಲ್ಲ. ಎರಡು ವರ್ಷ ಅದು ಅವಳ ಕಣ್ಣೆದುರಿಗೇ ವಿಮಾನದೊಳಗೆ ಹೋಗಿ ಬಂದಿತ್ತು, ಒಂದು ದಿನವೂ ಅದನ್ನು ಸಾಮಾನು ಎಂದು ಅವಳು ಎಣಿಸಿರಲಿಲ್ಲ. ಗುರುವಾರ ಅವರು ಒಳಗೆ ಬಗ್ಗಿದಾಗ ಜಾರಿರಬೇಕು. ಅಂದಿನಿಂದ ಅವರು ಕಿಸೆ ತಟ್ಟಿಕೊಳ್ಳುತ್ತಿದ್ದದ್ದು ನೆನಪಾಯಿತು.

ಗೋಣಿತಟ್ಟಿನ ಮೇಲೆ ಎದ್ದು ಕೂತಳು. ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಕಾಯಂ ಅಂದರೆ ಕಾಯಂ. ಅವರು ಆಡಿದ್ದನ್ನು ಮಾಡುವ ಮನುಷ್ಯ. ಅವರ ಹೆಂಡತಿ ಗಂಗಾಬಾಯಿ ಒಮ್ಮೆ ಬುತ್ತಿ ತಂದಾಗ ಹೇಳಿದ್ದರು: "ಚಾದ ಕಪ್ಪು ಹಿಡದ್ರ ಬಸಿ ತುಂಬ ಚೆಲ್ಲತಾರ್ರೀ ನಮ್ಮವರು. ಸ್ಪ್ಯಾನರ್ ಹಿಡೀಲಿ, ಕೈ ಕಲ್ಲಾಗಿ ನಿಲ್ತೈತಿ." ಮುಂದಿನ ತಿಂಗಳು ಶೆಡ್ಡಿಗೆ ಇನ್ನೊಂದು ವಿಮಾನ ಬರುವುದಿತ್ತು. ಆ ಕೈಗೆ ಮತ್ತೆ ಚಹಾದ ಕಪ್ಪು ಒಂದೇ ಉಳಿದರೆ? ಹೇಳದಿದ್ದರೆ, ಒಂದು ತಿಂಗಳು ತಿಕ್ಕಿದ ಆಶಿಷನಿಗೆ ನ್ಯಾಯ ಎಲ್ಲಿ?

ಮುಚ್ಚಳ ಹಾಕಿದಳು. ಆರು ಸೀಳುಗಳನ್ನೂ ಒಂದೇ ಗೆರೆಗೆ ತಂದಳು. ರೆಕ್ಕೆ ಹಿಡಿದು ತನ್ನ ಮೈಭಾರವೆಲ್ಲ ಹಾಕಿ ಅಲ್ಲಾಡಿಸಿ ಕಿವಿಗೊಟ್ಟಳು. ಏನೂ ಇಲ್ಲ. ಒಂಬತ್ತು ಜನರಲ್ಲಿ ತನಗೊಬ್ಬಳಿಗೇ ಕೇಳಿಸಿತ್ತು ಎಂಬ ಹೆಮ್ಮೆ, ಆ ಗಾಬರಿಯ ನಡುವೆಯೂ ಬೆಚ್ಚಗೆ ಎದೆಗೇರಿತು. ಶೆಡ್ಡಿಗೆ ಹೋಗಿ ಗೂಟಕ್ಕೆ ನೇತಾಡುತ್ತಿದ್ದ ಬಸವಲಿಂಗಪ್ಪನವರ ಖಾಕಿ ಕೋಟಿನ ಕಿಸೆಯಲ್ಲಿ ಹಳದಿ ಹಿಡಿಯನ್ನು ಇಟ್ಟಳು. ತಾನು ತೆಗೆದದ್ದನ್ನು ಹಲಗೆಗೆ ಹಾಕಿ ಬಿಲ್ಲೆ ತೆಗೆದುಕೊಂಡಳು. ಪುಸ್ತಕ ಬಿಚ್ಚಿ, ಪೆನ್ನು ಹಿಡಿದು, ತಾರೀಖು ಹಾಕುವ ಜಾಗದ ಮೇಲೆ ಅರ್ಧ ನಿಮಿಷ ಕೈ ಇಟ್ಟುಕೊಂಡು ಕೂತಳು. ಎರಡು ವರ್ಷದಲ್ಲಿ ಬರೆಯದೆ ಬಿಟ್ಟ ಸಾಲು ಒಂದೂ ಇರಲಿಲ್ಲ. ಇಂದು ಬರೆಯದೆಯೇ ಪುಸ್ತಕ ಮುಚ್ಚಿದಳು.

ಹತ್ತು ಗಂಟೆಗೆ ಬಿಸಿಲಿನಲ್ಲಿ ನ್ಯಾಟ್ ಹೊಳೆಯುತ್ತಿತ್ತು. ಬಾಲದ ಮೇಲೆ ಮೂರು ಬಣ್ಣ, ಮೂತಿಯಲ್ಲಿ ಕಾವ್ಯಾ ಉಸಿರು ಬಿಗಿಹಿಡಿದು ಬರೆದ ನಂಬರು. ಎರಡು ವರ್ಷದ ಹಿಂದೆ ಗೇಟಿನ ಬಳಿ ಇದರಿಂದ ಪಾರಿವಾಳದ ಗೂಡುಗಳನ್ನು ತೆಗೆದು ಬುಟ್ಟಿಯಲ್ಲಿ ಹೊತ್ತದ್ದು ನೆನಪಾಗಿ ವನಜಾಳ ಕಣ್ಣು ತುಂಬಿತು.

ಬಸವಲಿಂಗಪ್ಪನವರು ಪದಕಗಳನ್ನು ಚುಚ್ಚಿದ್ದ ಅಂಗಿಯ ಮೇಲೆ ಖಾಕಿ ಕೋಟು ತೊಟ್ಟರು. ಅಭ್ಯಾಸದಂತೆ ಕೈ ಕಿಸೆಗೆ ಹೋಯಿತು. ಅಲ್ಲೇ ನಿಂತಿತು. ಅವರು ಕಿಸೆಯೊಳಗೆ ನೋಡಲಿಲ್ಲ; ವಿಮಾನವನ್ನು ನೋಡಿದರು. ನಿಧಾನವಾಗಿ ನಡೆದು ಹೋಗಿ, ಮೊಣಕಾಲು ಲಟಕ್ಕೆನ್ನುವಂತೆ ಕೂತು, ಹೊಟ್ಟೆಯ ಮುಚ್ಚಳದ ಸ್ಕ್ರೂಗಳನ್ನು ಒಂದೊಂದಾಗಿ ನೋಡಿದರು. ಉಗುರಿನುದ್ದದ ಗೀರಿನ ಮೇಲೆ ಅವರ ಹೆಬ್ಬೆರಳು ಬಹಳ ಹೊತ್ತು ಇತ್ತು.

ಅಷ್ಟರಲ್ಲಿ ಅತಿಥಿಗಳು ಬಂದರು. ನಿವೃತ್ತ ಅಧಿಕಾರಿ ಒಂದು ಸುತ್ತು ಹಾಕಿ, ಒಡಲನ್ನು ಬೆರಳಿನಿಂದ ತಟ್ಟಿ, ತಮಾಷೆಗೆ ಕೇಳಿದರು: "ಒಳಗೆ ಏನೂ ಬಿಟ್ಟಿಲ್ಲ ತಾನೇ?"

ಬಸವಲಿಂಗಪ್ಪನವರು ಬಾಯಿ ತೆರೆದರು. ಅವರಿಗಿಂತ ಮೊದಲು ವನಜಾ ಹೇಳಿದಳು: "ಒಳಗೆ ಏನೂ ಇಲ್ಲ ಸರ್."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಧಿಕಾರಿ ಆ ಮುದುಕರ ಎರಡೂ ಕೈ ಹಿಡಿದು ಕುಲುಕಿ, ಹಿಂದಕ್ಕೆ ಸರಿದು ವಿಮಾನಕ್ಕೆ ಸೆಲ್ಯೂಟ್ ಹೊಡೆದರು. ಬಸವಲಿಂಗಪ್ಪನವರ ಕೈಯೂ ಮೇಲೇರಿತು. ಅದು ನಡುಗಲಿಲ್ಲ. ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು.

ಎಲ್ಲ ಮುಗಿದು ಉಪ್ಪಿಟ್ಟು ತಿನ್ನುವ ಹೊತ್ತಿಗೆ ಬಸವಲಿಂಗಪ್ಪನವರು ಶೆಡ್ಡಿಗೆ ಬಂದು ಹಳದಿ ಹಿಡಿಯ ಸ್ಕ್ರೂಡ್ರೈವರನ್ನು ಹಲಗೆಯ ಖಾಲಿ ಜಾಗಕ್ಕೆ ಒತ್ತಿ ಹಿಡಿದರು. "ವನಜಮ್ಮಾರ, ಕೆಂಪು ಬಣ್ಣ ತಗೊಂಡು ಇದಕ್ಕೊಂದು ಗೀಟು ಹೊಡೀರಿ."

ಕೈಯಲ್ಲಿ ತಟ್ಟೆ ಹಿಡಿದು ಆಶಿಷ್ ಹಿಂದೆಯೇ ಬಂದ. "ಅಜ್ಜಾ, ಅದು ನಿಮ್ಮ ಸ್ವಂತದ್ದಲ್ಲಾ? ಬೋರ್ಡಿಗ್ಯಾಕ?"

"ಕಿಸೆದಾಗಿನ ಸಾಮಾನು ಯಾರ ಕಣ್ಣಿಗೂ ಬೀಳೂದಿಲ್ಲಪಾ. ಇಷ್ಟು ದಿನ ನನಗ ಹೊಳೀಲಿಲ್ಲ." ಅವರು ಹುಡುಗನ ಕಡೆ ತಿರುಗಿದರು. "ಬರೂ ತಿಂಗಳದ ವಿಮಾನಕ್ಕ ಮೊದಲಿಂದ ನೀ ಸಾಮಾನು ಹಿಡಿ. ನಾ ಒಂದು ತಿಂಗಳು ಸ್ಯಾಂಡ್ ಪೇಪರ್ ತಿಕ್ಕತೀನಿ."

"ಅರೇ, ನೀವ್ಯಾಕ ತಿಕ್ಕತೀರಿ?"

"ನೀ ತಿಕ್ಕಿದ್ದು ಭಾಳ ಛಲೋ ಆಗೇತಿ. ನನಗೂ ಕಲೀಬೇಕಾಗೇತಿ."

ಆಶಿಷ್ ಹಿಗ್ಗಿ ಕಾವ್ಯಾಳಿಗೆ ಹೇಳಲು ಹೊರಗೆ ಓಡಿದ. ಮುದುಕರು ವನಜಾಳ ಕಡೆ ನೋಡಿ, "ಒಂದು ತಿಂಗಳು ಸಾಕಲ್ರೀ?" ಅಂದರು.

ಅವಳು ಬ್ರಷ್ ಅದ್ದಿ, ಗೀಟು ಎಳೆಯುತ್ತಲೇ, "ಸಾಕು ಬಿಡಿ" ಅಂದಳು.

ಮನೆಗೆ ಹೋಗುವಾಗ ಮೆಟ್ರೋ ಕಂಬಗಳ ನೆರಳಿನಲ್ಲಿ ರಾಮಕೃಷ್ಣ ಸ್ಕೂಟರ್ ನಿಧಾನ ಮಾಡಿ ಹಿಂದಕ್ಕೆ ಕೇಳಿದರು: "ಅದೇನೋ ರಾತ್ರಿ ಸದ್ದು ಅಂತಿದ್ಯಲ್ಲ, ಏನದು?"

ವನಜಾಳ ಬೆರಳಿಗೆ ಕೆಂಪು ಬಣ್ಣ ಇನ್ನೂ ಅಂಟಿಕೊಂಡಿತ್ತು. ಈ ಮನುಷ್ಯನಿಂದ ಅವಳು ಯಾವತ್ತೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಆದರೆ ಇದು ಅವಳದಲ್ಲ. ಹೇಳುವುದಿದ್ದರೆ ಆ ಹಳದಿ ಹಿಡಿಯ ಒಡೆಯರು ಹೇಳಬೇಕು. ತಾನು ಯಾರಿಗೂ ಹೇಳುವುದಿಲ್ಲ, ಇವರಿಗೂ ಹೇಳುವುದಿಲ್ಲ ಎಂದು ಅವಳು ನಿಶ್ಚಯಿಸಿದಳು.

"ಈಗ ಇಲ್ಲ," ಅಂದಳು. "ಮುಂದೆ ನೋಡ್ಕೊಂಡು ಓಡ್ಸಿ, ಬಸ್ ಬರ್ತಾ ಇದೆ."